ಗೆಳೆಯ ಆತ್ಮಹತ್ಯೆಯಿಂದ ತೀರಿಕೊಂಡ ಮೇಲೆ: ಕೊಡಗಿನ ಊರುಗಳಲ್ಲಿ ಉಳಿದ ಮಕ್ಕಳ ದುಃಖ

ಕೊಡವರ ಮನೆಯಲ್ಲಿ ಸಾವಾದರೆ ಜೋಡಿ ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಕೊಡಗಿನಲ್ಲಿದೆ. ಸದ್ದು ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಮನೆಯ ಕಡೆ ಹೊರಡುತ್ತಾರೆ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಕಾಫಿ ತೋಟ, ಗದ್ದೆ, ಹೊಳೆ ಇರುವ ಜಿಲ್ಲೆಯಲ್ಲಿ ಸಾವಿನ ಸುದ್ದಿ ಮುಟ್ಟಿಸಲು ಹಿರಿಯರು ಕಂಡುಕೊಂಡ ದಾರಿ ಅದು. ಇಂದಿನ ಮಕ್ಕಳಿಗೆ ಸುದ್ದಿ ಹಾಗೆ ಬರುವುದಿಲ್ಲ. ಮಧ್ಯರಾತ್ರಿ ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಗೆಳೆಯನ ಫೋಟೋ, ಕೆಳಗೆ ‘ಓಂ ಶಾಂತಿ’. ನಿನ್ನೆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಒಟ್ಟಿಗೆ ಚಹಾ ಕುಡಿದವನು. ಯಾವ ಮನೆಯ ಕಡೆ ಹೊರಡಬೇಕು, ಹೋಗಿ ಏನು ಹೇಳಬೇಕು ಎಂಬುದು ಹದಿನೇಳು ಹದಿನೆಂಟರ ಹುಡುಗನಿಗೆ ಯಾರೂ ಕಲಿಸಿರುವುದಿಲ್ಲ.

ಆತ್ಮಹತ್ಯೆ ತಡೆಯ ಬಗ್ಗೆ ಪ್ರತಿ ವರ್ಷ ಸೆಪ್ಟೆಂಬರ್ 10 ರಂದು ಸಾಕಷ್ಟು ಮಾತು ನಡೆಯುತ್ತದೆ. ಸಾವು ಆಗಿಹೋದ ಮೇಲೆ ಉಳಿದ ಗೆಳೆಯ ಗೆಳತಿಯರ ಬಗ್ಗೆ ಮಾತು ಕಡಿಮೆ. ಜೈನ ಮನೆಗಳು ಕೊಡಗಿನಲ್ಲಿ ಹೆಚ್ಚಿಲ್ಲ. ಆದರೆ ಸೋಮವಾರಪೇಟೆ, ಕುಶಾಲನಗರ, ಮಡಿಕೇರಿ, ವಿರಾಜಪೇಟೆಯ ಕಡೆ ಓದುವ ನಮ್ಮ ಮಕ್ಕಳ ಗೆಳೆತನಕ್ಕೆ ಜಾತಿಯ ಗಡಿ ಇಲ್ಲ. ತೀರಿಕೊಂಡವನು ಯಾವ ಸಮಾಜದವನೇ ಇರಲಿ, ಅವನ ಪಕ್ಕದ ಬೆಂಚಿನಲ್ಲಿ ಕೂತಿದ್ದ ಮಗು ನಮ್ಮ ಮನೆಯದೇ ಆಗಿರಬಹುದು. ಇದೇ ಮಾತು ಮಲೆನಾಡಿನ ಯಾವ ತಾಲ್ಲೂಕಿಗೂ, ಬಯಲಿನ ಯಾವ ಹಳ್ಳಿಗೂ ಅನ್ವಯಿಸುತ್ತದೆ.

ಈ ಲೇಖನವನ್ನು ಓದುತ್ತಿರುವವರೇ ಅಂಥ ದುಃಖದಲ್ಲಿದ್ದರೆ, ಅಥವಾ ತಮಗೂ ಬದುಕು ಬೇಡವೆನಿಸುತ್ತಿದ್ದರೆ, ಮುಂದೆ ಓದುವ ಮೊದಲು ಒಂದು ಸಂಖ್ಯೆ ಗುರುತಿಟ್ಟುಕೊಳ್ಳಿ: 14416. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.

ಸೂತಕವಿಲ್ಲದ ದುಃಖ

ನಮ್ಮಲ್ಲಿ ಸಾವಾದ ಮನೆಗೆ ಸೂತಕ ಇರುತ್ತದೆ. ಅದನ್ನು ಶುದ್ಧಿ ಅಶುದ್ಧಿಯ ಲೆಕ್ಕವೆಂದು ಮಾತ್ರ ನೋಡುವವರಿದ್ದಾರೆ. ಆದರೆ ಅದರ ಇನ್ನೊಂದು ಉಪಯೋಗವನ್ನು ಗಮನಿಸಿ. ಇಷ್ಟು ದಿನ ನೀನು ಅಂಗಡಿ ತೆರೆಯಬೇಕಿಲ್ಲ, ಶುಭಕಾರ್ಯಕ್ಕೆ ಹೋಗಬೇಕಿಲ್ಲ, ಜನ ನಿನ್ನ ಮನೆಗೆ ಬರುತ್ತಾರೆ, ಅಳುವುದಿದ್ದರೆ ಅಳು ಎಂದು ಸಮಾಜವೇ ಬಿಡುವು ಕೊಡುತ್ತದೆ. ಕೊಡವರಲ್ಲಿ ಹನ್ನೊಂದನೆಯ ದಿನದ ಮಾದ, ಬೇರೆಯವರಲ್ಲಿ ಹದಿಮೂರನೆಯ ದಿನ, ಹೀಗೆ ಎಲ್ಲ ಸಮಾಜಗಳೂ ದುಃಖಕ್ಕೆ ಒಂದು ಅವಧಿ, ಒಂದು ಜಾಗ ಮಾಡಿಕೊಟ್ಟಿವೆ.

ಗೆಳೆಯನಿಗೆ ಈ ಜಾಗ ಇಲ್ಲ. ಅವನಿಗೆ ಸೂತಕವಿಲ್ಲ, ಆದ್ದರಿಂದ ಮರುದಿನ ಕಾಲೇಜಿಗೆ ಹೋಗಬೇಕು. ಸಾವಿನ ಮನೆಗೆ ಹೋದರೆ ಹಿರಿಯರು ಕೂರುವ ಜಾಗದಲ್ಲಿ ಅವನು ಕೂರುವಂತಿಲ್ಲ, ಹೆಂಗಸರ ನಡುವೆಯೂ ನಿಲ್ಲುವಂತಿಲ್ಲ. ಅಂಗಳದ ತುದಿಯಲ್ಲಿ, ಕಾಫಿ ಒಣಗಿಸುವ ಕಣದ ಪಕ್ಕ, ನಾಲ್ಕು ಹುಡುಗರು ಕೈಕಟ್ಟಿಕೊಂಡು ನಿಂತಿರುವುದನ್ನು ನಾವೆಲ್ಲ ನೋಡಿದ್ದೇವೆ. ಯಾರೋ ಬಂದು ಕುರ್ಚಿ ಎತ್ತಿ ಹಾಕಲು ಹೇಳುತ್ತಾರೆ, ನೀರು ಹಂಚಲು ಹೇಳುತ್ತಾರೆ. ಅವರು ಮಾಡುತ್ತಾರೆ. ನಿಜ ಹೇಳಬೇಕೆಂದರೆ ಆ ಕೆಲಸವೇ ಅವರಿಗೆ ಆ ದಿನ ಸಿಕ್ಕ ದೊಡ್ಡ ಆಸರೆ.

ಅಮೆರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸರು 1989 ರಲ್ಲಿ ಇಂಥ ದುಃಖದ ಮೇಲೆ ಒಂದು ಪುಸ್ತಕ ತಂದರು. ದುಃಖ ನಿಜ, ಆದರೆ ಅದನ್ನು ದುಃಖವೆಂದು ಒಪ್ಪಲು ಸುತ್ತಲಿನವರು ಸಿದ್ಧರಿಲ್ಲ, ಆಗ ಆ ನೋವು ಒಳಗೇ ಉಳಿಯುತ್ತದೆ ಎಂಬುದು ಅವರ ಮಾತಿನ ಸಾರ. ‘ಅವನೇನು ನಿನ್ನ ಒಡಹುಟ್ಟಿದವನಾ?’ ಎಂಬ ಒಂದು ಪ್ರಶ್ನೆ ಸಾಕು, ಹುಡುಗಿ ಮತ್ತೆ ಆ ವಿಷಯ ಎತ್ತುವುದಿಲ್ಲ. ತೀರಿಕೊಂಡವನ ಜೊತೆ ಪ್ರೀತಿಯಿತ್ತು ಎಂದಾದರಂತೂ ಅವಳು ಅಳಲೂ ಹೆದರಬೇಕಾಗುತ್ತದೆ.

ಎಸ್ಟೇಟಿನ ಲೈನ್ ಮನೆಗಳ ಮಕ್ಕಳದ್ದು ಇನ್ನೂ ಕಾಣದ ದುಃಖ. ಅವರಲ್ಲಿ ಒಬ್ಬ ಹುಡುಗ ತೀರಿಕೊಂಡರೆ ಪೊಲೀಸ್ ವರದಿಯ ಹೊರಗೆ ಅದು ಸುದ್ದಿಯೇ ಆಗುವುದಿಲ್ಲ. ಅವನೊಂದಿಗೆ ಕ್ರಿಕೆಟ್ ಆಡುತ್ತಿದ್ದವರು ಮರುದಿನ ಬೆಳಗ್ಗೆ ಕಾಫಿ ಕೊಯ್ಲಿಗೆ ಹೋಗಿರುತ್ತಾರೆ. ತೋಟ ಇರುವ ನಮ್ಮ ಸಮಾಜದವರು ಇದನ್ನು ಗಮನದಲ್ಲಿಡಬೇಕು. ಆ ಒಂದು ವಾರ ಆ ಮಕ್ಕಳ ಮನೆಗೆ ಹೋಗಿ ಬರುವುದಕ್ಕೆ ಹೆಚ್ಚು ಖರ್ಚೇನೂ ಆಗುವುದಿಲ್ಲ.

ಅಂಕಿಗಳು ಹೇಳುವುದು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022 ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಕರ್ನಾಟಕದಲ್ಲಿ ಆ ವರ್ಷ 13,606. ಇವು ಪೊಲೀಸ್ ದಾಖಲೆಗೆ ಬಂದವು ಮಾತ್ರ.

ಒಂದು ಸಾವು ಎಷ್ಟು ಜನರನ್ನು ತಟ್ಟುತ್ತದೆ? ಮನೆಯವರು ಐದಾರು ಜನ ಎಂಬ ಲೆಕ್ಕ ಹಿಂದೆ ಚಾಲ್ತಿಯಲ್ಲಿತ್ತು. ಅಮೆರಿಕದಲ್ಲಿ ಜೂಲಿ ಸೆರೆಲ್ ಮತ್ತು ಜೊತೆಗಾರರು ನಡೆಸಿದ ಅಧ್ಯಯನದಲ್ಲಿ ಒಂದು ಆತ್ಮಹತ್ಯೆ ಸುಮಾರು 135 ಪರಿಚಿತರನ್ನು ಮುಟ್ಟುತ್ತದೆ ಎಂದು ಕಂಡುಬಂತು. ಕೊಡಗಿನಂಥ ಕಡೆ, 2011 ರ ಜನಗಣತಿಯಂತೆ ಇಡೀ ಜಿಲ್ಲೆಯ ಜನಸಂಖ್ಯೆಯೇ ಐದೂವರೆ ಲಕ್ಷ ಇರುವಲ್ಲಿ, ಒಂದೇ ಬಸ್ಸು, ಒಂದೇ ಜೂನಿಯರ್ ಕಾಲೇಜು, ಒಂದೇ ಹಾಕಿ ಮೈದಾನ ಹಂಚಿಕೊಂಡವರ ನಡುವೆ ‘ನನಗೆ ಅವನು ಗೊತ್ತಿರಲಿಲ್ಲ’ ಎನ್ನುವವರು ಸಿಗುವುದು ಕಷ್ಟ.

ಮನೆಯವರು ಮುಖ್ಯವಾಗಿ ತಿಳಿಯಬೇಕಾದ ಎರಡು ಅಧ್ಯಯನಗಳಿವೆ. 2013 ರಲ್ಲಿ ಕೆನಡಾದಲ್ಲಿ 12 ರಿಂದ 17 ವಯಸ್ಸಿನ ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಶಾಲೆಯ ಸಹಪಾಠಿಯೊಬ್ಬ ಆತ್ಮಹತ್ಯೆಯಿಂದ ತೀರಿಕೊಂಡಿದ್ದರೆ ಉಳಿದ ಮಕ್ಕಳಲ್ಲಿಯೂ ಅಂಥ ಯೋಚನೆ ಬರುವ ಸಾಧ್ಯತೆ ಹೆಚ್ಚುತ್ತದೆ, ಆ ಪರಿಣಾಮ ಎರಡು ವರ್ಷದವರೆಗೂ ಇರಬಹುದು, ತೀರಿಕೊಂಡವನ ಆಪ್ತರೇ ಆಗಿರಬೇಕೆಂದೇನೂ ಇಲ್ಲ ಎಂದು ಅದು ತೋರಿಸಿತು. ಬ್ರಿಟನ್ನಿನಲ್ಲಿ 2016 ರಲ್ಲಿ ಬಂದ ಇನ್ನೊಂದು ಅಧ್ಯಯನ 18 ರಿಂದ 40 ವಯಸ್ಸಿನ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡಿತ್ತು. ಆಪ್ತರನ್ನು ಕಾಯಿಲೆಯಿಂದ ಹಠಾತ್ತನೆ ಕಳೆದುಕೊಂಡವರಿಗಿಂತ ಆತ್ಮಹತ್ಯೆಯಿಂದ ಕಳೆದುಕೊಂಡವರು ತಾವೂ ಪ್ರಯತ್ನಿಸುವ ಸಾಧ್ಯತೆ ಶೇ 65 ರಷ್ಟು ಹೆಚ್ಚು ಎಂದು ಅಲ್ಲಿ ಕಂಡಿತು. ಓದು ಅಥವಾ ಕೆಲಸ ಬಿಡುವವರೂ ಹೆಚ್ಚು. ರಕ್ತಸಂಬಂಧಿಯೋ ಗೆಳೆಯನೋ ಎಂಬುದರಿಂದ ಈ ಲೆಕ್ಕ ಬದಲಾಗಲಿಲ್ಲ.

ಇದನ್ನು ಹೆದರಿಸಲು ಹೇಳುತ್ತಿಲ್ಲ. ಗೆಳೆಯನನ್ನು ಕಳೆದುಕೊಂಡ ಹೆಚ್ಚಿನ ಮಕ್ಕಳು ಕಾಲಕ್ರಮದಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಆ ಎರಡು ವರ್ಷ ಮನೆಯವರ ಕಣ್ಣು ಅವರ ಮೇಲಿರಬೇಕು.

ಮನಸ್ಸಿನೊಳಗೆ ನಡೆಯುವುದು

ಹಿರಿಯರು ತೀರಿಕೊಂಡಾಗ ಬರುವ ದುಃಖಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಇಲ್ಲಿ ದುಃಖಕ್ಕಿಂತ ಮೊದಲು ಬರುವುದು ಪ್ರಶ್ನೆ: ಯಾಕೆ? ಅದರ ಹಿಂದೆಯೇ ತಪ್ಪಿತಸ್ಥ ಭಾವ. ಆ ರಾತ್ರಿ ಅವನ ಕರೆ ಬಂದಿತ್ತು, ನಾನು ಎತ್ತಲಿಲ್ಲ. ಒಂದು ವಾರದ ಹಿಂದೆ ತಮಾಷೆಗೆ ಏನೋ ಅಂದಿದ್ದೆ. ‘ಯಾರಿಗೂ ಹೇಳಬೇಡ’ ಎಂದು ಆಣೆ ಹಾಕಿಸಿಕೊಂಡು ಒಂದು ಮಾತು ಹೇಳಿದ್ದ, ನಾನು ಹೇಳಲಿಲ್ಲ.

ಈ ಕೊನೆಯದು ಎಲ್ಲಕ್ಕಿಂತ ಭಾರ. ಹದಿಹರೆಯದಲ್ಲಿ ಗುಟ್ಟು ಕಾಯುವುದೇ ಗೆಳೆತನದ ಧರ್ಮ. ಅದನ್ನು ಪಾಲಿಸಿದ್ದಕ್ಕೆ ಗೆಳೆಯ ಹೋದ ಎಂದು ಆ ಮಗು ನಂಬಿಬಿಟ್ಟರೆ ಆ ನಂಬಿಕೆಯನ್ನು ಬಿಡಿಸುವುದು ಒಂದು ದಿನದ ಕೆಲಸವಲ್ಲ. ‘ನಿನ್ನ ತಪ್ಪೇನಿಲ್ಲ ಬಿಡು’ ಎಂದು ಹಾರಿಸಿದರೆ ಅದು ಒಳಗೆ ಇಳಿಯುವುದಿಲ್ಲ. ಮೊದಲು ಪೂರ್ತಿ ಕೇಳಿಸಿಕೊಳ್ಳಬೇಕು. ಆಮೇಲೆ, ಅಂದು ಅವನಿಗೆ ಏನು ಗೊತ್ತಿತ್ತು, ಇಂದು ಏನು ಗೊತ್ತಿದೆ ಎಂಬುದನ್ನು ಅವನ ಜೊತೆ ಕೂತು ಬಿಡಿಸಿ ನೋಡಬೇಕು. ನಡೆದುಹೋದ ಮೇಲೆ ಹಿಂದಿನ ಪ್ರತಿ ಮಾತೂ ಸೂಚನೆಯಂತೆ ಕಾಣುತ್ತದೆ. ಅಂದು ಅದು ಒಬ್ಬ ಗೆಳೆಯನ ಬೇಸರದ ಮಾತಷ್ಟೇ ಆಗಿತ್ತು. ಆತ್ಮಹತ್ಯೆಗೆ ಒಂದೇ ಕಾರಣ ಇರುವುದಿಲ್ಲ. ಖಿನ್ನತೆ, ಕುಡಿತ, ಮನೆಯ ಜಗಳ, ಸಾಲ, ಪರೀಕ್ಷೆ, ಹಳೆಯ ಗಾಯಗಳು ಎಷ್ಟೋ ಕಾಲದಿಂದ ಸೇರಿಕೊಂಡಿರುತ್ತವೆ. ಎತ್ತದ ಒಂದು ಕರೆಯ ಮೇಲೆ ಅಷ್ಟನ್ನೂ ಹೊರಿಸಲಾಗದು.

ಸಿಟ್ಟೂ ಬರುತ್ತದೆ. ‘ನನಗೆ ಹೇಳದೆ ಹೋದನಲ್ಲ’ ಎಂಬ ಸಿಟ್ಟು. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಪಾಪ ಎಂದುಕೊಂಡು ಮಕ್ಕಳು ಅದನ್ನು ಮನೆಯವರ ಮೇಲೆ, ಮೇಷ್ಟರ ಮೇಲೆ ತೀರಿಸಿಕೊಳ್ಳುತ್ತಾರೆ. ಹುಡುಗರಲ್ಲಿ ದುಃಖ ಅಳುವಾಗಿ ಬರುವುದಕ್ಕಿಂತ ಬೈಕಿನ ವೇಗವಾಗಿ, ಕುಡಿತವಾಗಿ ಬರುವುದು ಹೆಚ್ಚು. ಕುಡಿತವೇ ಇಲ್ಲದ ನಮ್ಮ ಮನೆಗಳಲ್ಲಿ ಮಗ ಒಂದು ದಿನ ಕುಡಿದು ಬಂದರೆ ಆಗುವ ರಾದ್ಧಾಂತದಲ್ಲಿ ಅವನು ಯಾಕೆ ಕುಡಿದ ಎಂಬ ಪ್ರಶ್ನೆಯೇ ಕಳೆದುಹೋಗುತ್ತದೆ. ಬೈಯುವುದನ್ನು ಒಂದು ದಿನ ಮುಂದಕ್ಕೆ ಹಾಕಿದರೆ ನಷ್ಟವಿಲ್ಲ.

ಮಳೆಗಾಲ ಬೇರೆ ರೀತಿ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಜೋರಾದಾಗ ಜಿಲ್ಲಾಡಳಿತ ಶಾಲೆಗಳಿಗೆ ರಜೆ ಕೊಡುತ್ತದೆ. ಕರೆಂಟ್ ಹೋದರೆ ಟವರಿನ ನೆಟ್‌ವರ್ಕೂ ಹೋಗುತ್ತದೆ. ದುಃಖದಲ್ಲಿರುವ ಹುಡುಗ ಅಥವಾ ಹುಡುಗಿ ದಿನಗಟ್ಟಲೆ ಒಂದು ಕೋಣೆಯಲ್ಲಿ, ಗೆಳೆಯರ ಮುಖ ಕಾಣದೆ, ಹಳೆಯ ಮೆಸೇಜುಗಳನ್ನು ಮತ್ತೆ ಮತ್ತೆ ಓದಿಕೊಂಡು ಕೂರುವ ದಿನಗಳವು. ಕಕ್ಕಡ ತಿಂಗಳಲ್ಲಿ ಯಾರೂ ಯಾರ ಮನೆಗೂ ಸುಲಭವಾಗಿ ಹೋಗುವುದಿಲ್ಲ. ಅಂಥ ವಾರಗಳಲ್ಲಿ ಒಬ್ಬ ಗೆಳೆಯನನ್ನು ಕರೆಸಿ ಎರಡು ದಿನ ಮನೆಯಲ್ಲೇ ಇರಿಸಿಕೊಳ್ಳುವುದು ಯಾವ ಉಪದೇಶಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಪೊಲೀಸರು ಕೇಳಿದರೆ

ಈ ವಿಷಯ ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ, ಆದರೆ ಹಳ್ಳಿಯ ಮಕ್ಕಳ ಮೊದಲ ಭಯ ಇದೇ. ಅಸಹಜ ಸಾವು ಎಂದಾದಾಗ ಪೊಲೀಸರು ಮಹಜರು ನಡೆಸಲೇಬೇಕು, ಮರಣೋತ್ತರ ಪರೀಕ್ಷೆ ನಡೆಯುತ್ತದೆ. ಮೊದಲು ಇದು ದಂಡ ಪ್ರಕ್ರಿಯಾ ಸಂಹಿತೆಯ 174 ನೇ ಕಲಮಿನಲ್ಲಿತ್ತು, 2024 ರ ಜುಲೈ 1 ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194 ನೇ ಕಲಮಿನಲ್ಲಿದೆ. ಇದರ ಉದ್ದೇಶ ಸಾವಿನ ಕಾರಣ ತಿಳಿಯುವುದು. ಕೊನೆಯದಾಗಿ ಯಾರ ಜೊತೆ ಮಾತಾಡಿದ್ದ ಎಂದು ನೋಡಿ ಗೆಳೆಯರನ್ನು ಕೇಳುತ್ತಾರೆ. ಕೇಳಿದ ಮಾತ್ರಕ್ಕೆ ಆರೋಪಿ ಎಂದಲ್ಲ. ಹದಿನೈದು ವರ್ಷದೊಳಗಿನ ಹುಡುಗರನ್ನೂ ಯಾವುದೇ ವಯಸ್ಸಿನ ಹೆಣ್ಣುಮಕ್ಕಳನ್ನೂ ಸಾಕ್ಷಿ ಹೇಳಿಕೆಗಾಗಿ ಅವರು ವಾಸಿಸುವ ಸ್ಥಳ ಬಿಟ್ಟು ಬೇರೆಡೆಗೆ ಬರುವಂತೆ ಒತ್ತಾಯಿಸುವಂತಿಲ್ಲ. ಉಳಿದವರು ಹೋಗಬೇಕಾದರೆ ತಂದೆಯೋ ಮಾವನೋ ಜೊತೆಗೆ ಹೋಗಿ. ಜಗಳವಾಡಿದ್ದೆ, ಮಾತು ಬಿಟ್ಟಿದ್ದೆ ಎನ್ನುವುದು ಅಷ್ಟರಿಂದಲೇ ಅಪರಾಧವಾಗುವುದಿಲ್ಲ ಎಂಬುದನ್ನು ಮಗುವಿಗೆ ಮೊದಲೇ ತಿಳಿಸಿ.

ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕುಳಿದವರ ಬಗ್ಗೆಯೂ ಒಂದು ಮಾತು. ಕೇಸ್ ಆಗುತ್ತದೆ ಎಂಬ ಹೆದರಿಕೆಯಿಂದ ಆಸ್ಪತ್ರೆಗೆ ಕರೆದೊಯ್ಯದೆ ಮುಚ್ಚಿಡುವ ಕುಟುಂಬಗಳು ಇನ್ನೂ ಇವೆ. 2017 ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115 ನೇ ಕಲಂ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ. ಹಳೆಯ ದಂಡ ಸಂಹಿತೆಯ 309 ನೇ ಕಲಂ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ.

‘ಮಹಾಪಾಪ’ ಎಂಬ ಮಾತು

ಸಾವಿನ ಮನೆಯಲ್ಲಿ ನಮ್ಮ ಹಿರಿಯರ ಬಾಯಿಂದ ಬರುವ ಮಾತುಗಳಲ್ಲಿ ಮಕ್ಕಳಿಗೆ ಅತಿ ಹೆಚ್ಚು ನೋವು ಕೊಡುವುದು ಇದು. ‘ಆತ್ಮಘಾತ ಮಹಾಪಾಪ, ದುರ್ಗತಿಗೆ ಹೋದ.’ ಹೇಳುವವರ ಉದ್ದೇಶ ಉಳಿದವರನ್ನು ಎಚ್ಚರಿಸುವುದೇ ಇರಬಹುದು. ಕೇಳುವ ಹುಡುಗಿಗೆ ಅದು ತನ್ನ ಗೆಳತಿ ಈಗ ಎಲ್ಲಿದ್ದಾಳೆ ಎಂಬ ತೀರ್ಪಾಗಿ ಕೇಳಿಸುತ್ತದೆ.

ಸಿದ್ಧಾಂತದ ದೃಷ್ಟಿಯಿಂದಲೂ ಆ ತೀರ್ಪು ಕೊಡಲು ನಮಗೆ ಅಧಿಕಾರವಿಲ್ಲ. ಒಂದು ಜೀವದ ಕೊನೆಯ ಕ್ಷಣದ ಭಾವ ಏನಿತ್ತು, ಅದರ ಗತಿ ಯಾವುದು ಎಂಬುದನ್ನು ಕೇವಲಜ್ಞಾನಿಗಳಲ್ಲದೆ ಬೇರೆ ಯಾರು ತಿಳಿದು ಹೇಳಬಲ್ಲರು? ಆತ್ಮಘಾತ ಹಿಂಸೆ ಎಂಬ ಬೋಧೆ ಬದುಕಿರುವವರನ್ನು ಕಾಪಾಡಲು ಇದೆ, ಸತ್ತವರ ತಾಯಿಯ ಎದುರು ಹೇಳಲು ಅಲ್ಲ. ಜಿನಮಂದಿರದಲ್ಲಿ ಮಕ್ಕಳಿಗೆ ಪಾಠ ಹೇಳುವವರು, ಪ್ರವಚನ ಮಾಡುವವರು ದಯವಿಟ್ಟು ಇದನ್ನು ಗಮನಿಸಬೇಕು.

ಸಲ್ಲೇಖನದ ಪ್ರಶ್ನೆಯೂ ಮಕ್ಕಳ ತಲೆಯಲ್ಲಿ ಬರುತ್ತದೆ. ಅದನ್ನು ಕೇಳಲು ಹಿಂಜರಿಯುತ್ತಾರೆ, ಅಷ್ಟೆ. 2015 ರ ಆಗಸ್ಟ್ 10 ರಂದು ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮೀಕರಿಸಿದಾಗ, ಅದೇ ತಿಂಗಳ 31 ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿದಾಗ, ದೇಶದಾದ್ಯಂತ ನಮ್ಮ ಸಮಾಜ ಮುಂದಿಟ್ಟ ವಾದ ನೆನಪಿರಬಹುದು. ಸಲ್ಲೇಖನ ವ್ರತ, ಗುರುಗಳ ಅನುಮತಿಯಿಂದ, ಎಲ್ಲರೆದುರು, ಎಲ್ಲರ ಕ್ಷಮೆ ಕೇಳಿ, ಕಷಾಯಗಳನ್ನು ಕಳೆದುಕೊಂಡು ನಿಧಾನವಾಗಿ ನಡೆಯುವಂಥದ್ದು. ಹತಾಶೆಯಿಂದ, ಒಬ್ಬಂಟಿಯಾಗಿ, ಒಂದು ಕೆಟ್ಟ ಗಳಿಗೆಯಲ್ಲಿ ನಡೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅಂದು ನ್ಯಾಯಾಲಯಕ್ಕೆ ಹೇಳಿದ ಈ ಮಾತನ್ನು ಮನೆಯಲ್ಲಿ ಮಕ್ಕಳಿಗೂ ಹೇಳಬೇಕು. ಹೇಳುವಾಗ ಅದರ ಇನ್ನರ್ಧವನ್ನು ಬಿಡಬಾರದು: ಹತಾಶೆ ಎನ್ನುವುದು ಒಂದು ಯಾತನೆ, ಯಾತನೆಯಲ್ಲಿರುವ ಜೀವಕ್ಕೆ ಸಲ್ಲಬೇಕಾದ್ದು ಅನುಕಂಪ.

‘ಅಳಬೇಡ, ಆರ್ತಧ್ಯಾನವಾಗುತ್ತದೆ’ ಎನ್ನುವವರೂ ಇದ್ದಾರೆ. ಇಷ್ಟವಿಯೋಗದಿಂದ ಬರುವ ಆರ್ತಧ್ಯಾನವನ್ನು ಶಾಸ್ತ್ರ ಹೇಳಿರುವುದು ನಿಜ. ಅದನ್ನು ಹೇಳಿದ ಪರಂಪರೆಯೇ ರಾಮನ ಕಥೆಯನ್ನೂ ಹೇಳಿದೆ. ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಲಕ್ಷ್ಮಣ ತೀರಿಕೊಂಡಾಗ ರಾಮ ಅದನ್ನು ಒಪ್ಪುವುದೇ ಇಲ್ಲ. ತಮ್ಮನ ಶರೀರವನ್ನು ಹೊತ್ತುಕೊಂಡು, ಸ್ನಾನ ಮಾಡಿಸಿ, ಉಣಿಸಲು ಯತ್ನಿಸುತ್ತಾ ಆರು ತಿಂಗಳು ತಿರುಗುತ್ತಾನೆ. ಬಲಭದ್ರನಾದವನು, ಅದೇ ಭವದಲ್ಲಿ ಮೋಕ್ಷ ಪಡೆಯಲಿರುವವನು. ಅವನನ್ನು ಎಚ್ಚರಿಸಲು ಬಂದವರು ಹಿಂದೆ ಅವನ ಆಪ್ತರಾಗಿದ್ದ ಇಬ್ಬರು ದೇವರು. ಅವರು ಬೈಯಲಿಲ್ಲ. ಒಣಮರಕ್ಕೆ ನೀರೆರೆದು, ಮರಳನ್ನು ಗಾಣಕ್ಕೆ ಹಾಕಿ, ಅವನೇ ಕೇಳುವವರೆಗೆ ಕಾದರು. ಆರು ತಿಂಗಳು ಎಂಬುದನ್ನು ಓದಿದಾಗಲೆಲ್ಲ ನನಗೆ, ಹದಿಮೂರನೆಯ ದಿನಕ್ಕೇ ‘ಇನ್ನು ಸಾಕು, ಪುಸ್ತಕ ಹಿಡಿ’ ಎನ್ನುವ ನಮ್ಮ ಅವಸರ ನೆನಪಾಗುತ್ತದೆ.

ಕ್ಷಮಾವಾಣಿಯ ದಿನ ಎಲ್ಲ ಜೀವಗಳ ಕ್ಷಮೆ ಕೇಳುತ್ತೇವೆ, ಎಲ್ಲರನ್ನೂ ಕ್ಷಮಿಸುತ್ತೇವೆ. ತೀರಿಕೊಂಡ ಗೆಳೆಯನ ಹೆಸರನ್ನೂ ಮನಸ್ಸಿನಲ್ಲಿ ಸೇರಿಸಿಕೊಳ್ಳಲು ಮಗುವಿಗೆ ಹೇಳಿ ನೋಡಿ. ಎತ್ತದ ಕರೆಗೆ ಕ್ಷಮೆ ಕೇಳುವುದಕ್ಕೂ, ಹೇಳದೆ ಹೋದದ್ದಕ್ಕೆ ಕ್ಷಮಿಸುವುದಕ್ಕೂ ಅಲ್ಲಿ ಜಾಗವಿದೆ.

ಮನೆಯಲ್ಲಿ ಮಾಡಬಹುದಾದದ್ದು

ಸಾವಿನ ಸುದ್ದಿಯನ್ನು ನಿಜವಾಗಿಯೇ ಹೇಳಿ. ‘ಹಾರ್ಟ್ ಅಟ್ಯಾಕ್’ ಎಂದು ಮುಚ್ಚಿದರೆ ಸಂಜೆಯೊಳಗೆ ಮೊಬೈಲಿನಲ್ಲಿ ನಿಜ ಬರುತ್ತದೆ, ಆಮೇಲೆ ಅವರು ನಿಮ್ಮನ್ನು ಯಾವುದಕ್ಕೂ ನಂಬುವುದಿಲ್ಲ. ಹೇಗೆ ಸತ್ತ, ಎಲ್ಲಿ ಸತ್ತ ಎಂಬ ವಿವರ ಮಾತ್ರ ಬೇಡ. ಭಾರತೀಯ ಪತ್ರಿಕಾ ಮಂಡಳಿ 2019 ರಲ್ಲಿ ಪತ್ರಿಕೆಗಳಿಗೆ ಕೊಟ್ಟ ಸೂಚನೆಗಳಲ್ಲಿಯೂ ವಿಧಾನ, ಸ್ಥಳ, ಫೋಟೋ ಇವನ್ನು ಪ್ರಕಟಿಸದಂತೆ ಹೇಳಿದೆ. ಊರಿನ ವಾಟ್ಸ್ಆ್ಯಪ್ ಗುಂಪುಗಳಿಗೂ ಇದೇ ನಿಯಮ ಇರಲಿ. ಕೊನೆಯ ಮೆಸೇಜಿನ ಸ್ಕ್ರೀನ್‌ಶಾಟ್ ಹಂಚುವುದನ್ನು ಅಡ್ಮಿನ್ ಆದವರು ಅಲ್ಲೇ ನಿಲ್ಲಿಸಬೇಕು.

‘ಸಾಯುವ ಯೋಚನೆ ಬಂದಿದೆಯಾ’ ಎಂದು ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಭಯ ಬಹಳ ಜನರಲ್ಲಿದೆ. ಹಾಗಾಗುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಕೇಳಿದರೆ ಭಾರ ಇಳಿಯುತ್ತದೆ. ಸುತ್ತಿ ಬಳಸಿ ಕೇಳಬೇಡಿ. ಒಲೆಯ ಮುಂದೆ ಕೂತಾಗಲೋ, ತೋಟದಲ್ಲಿ ಜೊತೆಗೆ ನಡೆಯುವಾಗಲೋ, ‘ಅವನು ಹೋದ ಮೇಲೆ ನಿಂಗೂ ಹಾಗೆ ಅನ್ನಿಸಿದ್ಯಾ ಮಗಾ? ಅನ್ನಿಸಿದ್ರೆ ನಂಗೆ ಹೇಳು, ನಾನು ಬೈಯಲ್ಲ’ ಎಂದರೆ ಸಾಕು. ಮುಖ ನೋಡದೆ ಪಕ್ಕದಲ್ಲಿ ನಡೆಯುವಾಗ ಹುಡುಗರು ಹೆಚ್ಚು ಮಾತಾಡುತ್ತಾರೆ. ಅಪ್ಪ ಅಮ್ಮನ ಹತ್ತಿರ ಆಗದ್ದು ಚಿಕ್ಕಪ್ಪನ ಹತ್ತಿರ, ಅತ್ತಿಗೆಯ ಹತ್ತಿರ ಆಗಬಹುದು. ಅದರಲ್ಲಿ ಅಪ್ಪ ಅಮ್ಮನಿಗೆ ಅವಮಾನವೇನಿಲ್ಲ.

‘ಹೌದು’ ಎಂದರೆ ಗಾಬರಿಯಾಗಬೇಡಿ, ಆದರೆ ಒಬ್ಬರನ್ನೇ ಬಿಡಲೂ ಬೇಡಿ. ಅದೇ ದಿನ ವೈದ್ಯರನ್ನೋ ಸಹಾಯವಾಣಿಯನ್ನೋ ಸಂಪರ್ಕಿಸಿ. ದುಃಖದಲ್ಲಿರುವ ಮಗು ಇರುವ ಮನೆಯಲ್ಲಿ, ಅಂಥ ಮಾತು ಬಂದಿರಲಿ ಬಿಡಲಿ, ತೋಟದ ಔಷಧಿಗಳು, ಕೋವಿ, ಮಾತ್ರೆಗಳು ಬೀಗದೊಳಗೆ ಇರಲಿ, ಕೀಲಿ ಹಿರಿಯರ ಬಳಿ ಇರಲಿ. ಸಾಧ್ಯವಾದರೆ ಕೆಲವು ತಿಂಗಳು ಸಂಬಂಧಿಕರ ಮನೆಗೆ ಸಾಗಿಸಿ. ಕೆಟ್ಟ ಗಳಿಗೆ ಹೆಚ್ಚಾಗಿ ಬೇಗ ಕಳೆದುಹೋಗುತ್ತದೆ. ಆ ಗಳಿಗೆಯಲ್ಲಿ ಕೈಗೆಟುಕದಿರುವುದೇ ಜೀವ ಉಳಿಸುತ್ತದೆ.

ಶಾಲೆ ಕಾಲೇಜಿನವರಿಗೆ ಒಂದೆರಡು ಮಾತು. ಖಾಲಿ ಬೆಂಚನ್ನು ಮರುದಿನವೇ ಎತ್ತಿಸಬೇಡಿ, ಹೂವಿಟ್ಟು ಪೂಜಾಸ್ಥಳವನ್ನೂ ಮಾಡಬೇಡಿ. ಬೇರೆ ಯಾವ ವಿದ್ಯಾರ್ಥಿ ತೀರಿಕೊಂಡರೆ ಏನು ಮಾಡುತ್ತಿದ್ದೀರೋ ಅಷ್ಟೇ ಗೌರವದ ಶ್ರದ್ಧಾಂಜಲಿ ಸಾಕು. ಹಾಜರಿ ಕೂಗುವಾಗ ಹೆಸರು ಬಾಯಿತಪ್ಪಿ ಬರದಂತೆ ನೋಡಿಕೊಳ್ಳಿ. ಕಿರುಪರೀಕ್ಷೆಯನ್ನು ಒಂದು ವಾರ ಮುಂದೂಡುವುದು ಕಷ್ಟವೇನಲ್ಲ.

ಸಹಾಯ ಎಲ್ಲಿ

ಕುಟ್ಟದಿಂದಲೋ ಶ್ರೀಮಂಗಲದಿಂದಲೋ ಮಡಿಕೇರಿಗೆ ಬಸ್ಸಿನಲ್ಲಿ ಹೋಗಿ ಬರುವುದೆಂದರೆ ಒಂದು ದಿನ ಪೂರ್ತಿ ಬೇಕು. ಮನೋವೈದ್ಯರಿಗಾಗಿ ಅಷ್ಟು ದೂರ ಹೋಗುವುದೆಂದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಸಂಕೋಚ ಬೇರೆ. ಆದ್ದರಿಂದ ಫೋನಿನಿಂದ ಶುರು ಮಾಡುವುದು ಸುಲಭ. ಟೆಲಿ ಮಾನಸ್ 2022 ರ ಅಕ್ಟೋಬರ್ 10 ರಂದು ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಸಂಸ್ಥೆ. 14416 ಸಿಗದಿದ್ದರೆ 1800-891-4416 ಕ್ಕೆ ಕರೆ ಮಾಡಿ. ಮೊದಲು ತರಬೇತಿ ಪಡೆದ ಸಲಹೆಗಾರರು ಮಾತಾಡುತ್ತಾರೆ, ಬೇಕಾದರೆ ಮನೋವೈದ್ಯರಿಗೆ ಜೋಡಿಸುತ್ತಾರೆ. ಹದಿನೆಂಟರೊಳಗಿನ ಮಕ್ಕಳಿಗೆ 1098 ಮಕ್ಕಳ ಸಹಾಯವಾಣಿಯೂ ಇದೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಲ್ಲ ಜಿಲ್ಲೆಗಳಲ್ಲಿದೆ. ಇದರ ಮೂಲ ಮಾದರಿ 1980 ರ ದಶಕದಲ್ಲಿ ನಿಮ್ಹಾನ್ಸ್ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ ಎಂಬುದು ಹೆಚ್ಚು ಜನಕ್ಕೆ ತಿಳಿದಿಲ್ಲ. ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ವ್ಯವಸ್ಥೆ ಮಾಡಲಾಗಿದೆ. ಹೋಗುವ ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯ ಬಳಿ ದಿನ ಕೇಳಿಕೊಳ್ಳಿ. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಆಸ್ಪತ್ರೆ ಎಂದರೆ ಹಿಂಜರಿಯುವ ಯುವಕರಿಗೆ ಯುವ ಸ್ಪಂದನ ಎಂಬ ಇನ್ನೊಂದು ದಾರಿ ಇದೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ನಡೆಸುವ ಕಾರ್ಯಕ್ರಮ ಇದು, ಅಲ್ಲಿ ಮಾತಾಡುವವರೂ ಯುವಕ ಯುವತಿಯರೇ. ವಿಚಾರಿಸಲು ಜಿಲ್ಲಾ ಕ್ರೀಡಾ ಇಲಾಖೆಯ ಕಚೇರಿಗೆ ಹೋದರೆ ಸಾಕು, ಕ್ರೀಡಾಂಗಣದ ಕಡೆ ಹೋಗುವ ಹುಡುಗನನ್ನು ನೋಡಿ ಊರಿನವರು ಏನೂ ಅಂದುಕೊಳ್ಳುವುದಿಲ್ಲ. ಚಿಕಿತ್ಸೆ ಪಡೆದವರ ವಿವರ ಗುಪ್ತವಾಗಿರಬೇಕೆಂಬುದು 2017 ರ ಕಾಯ್ದೆಯಲ್ಲಿಯೇ ಇದೆ.

ನಿದ್ದೆ ಊಟ ವಾರಗಟ್ಟಲೆ ಕೆಟ್ಟರೆ, ಗೆಳೆಯರಿಂದ ಪೂರ್ತಿ ದೂರವಾದರೆ, ಪ್ರಿಯವಾದ ವಸ್ತುಗಳನ್ನು ಹಂಚತೊಡಗಿದರೆ, ‘ಅವನ ಹತ್ತಿರ ಹೋಗ್ತೀನಿ’ ಎಂಬಂಥ ಮಾತು ಬಂದರೆ ಕಾಯಬೇಡಿ.

ತಿಂಗಳುಗಳು ಕಳೆದ ಮೇಲೆ ಮತ್ತೆ ಕಷ್ಟವಾಗುವ ದಿನಗಳಿವೆ. ಗೆಳೆಯನ ಹುಟ್ಟುಹಬ್ಬ, ಫೇಸ್‌ಬುಕ್ ತಾನಾಗಿ ಎತ್ತಿ ತೋರಿಸುವ ಹಳೆಯ ಫೋಟೋ, ಅವನೂ ಬರೆಯಬೇಕಿದ್ದ ಪರೀಕ್ಷೆಯ ಫಲಿತಾಂಶ, ಹುತ್ತರಿಯ ಕೋಲಾಟಕ್ಕೆ ಮಂದ್‌ನಲ್ಲಿ ಎಲ್ಲರೂ ಸೇರಿದಾಗ ಅವನಿಲ್ಲದಿರುವುದು. ವರ್ಷದ ದಿನ ಬರುವ ಮುಂಚೆಯೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಂಡು, ಅಂದು ಮಗುವನ್ನು ಒಬ್ಬಂಟಿಯಾಗಿ ಬಿಡದೆ, ಅವನು ಬಯಸಿದರೆ ಗೆಳೆಯನ ತಂದೆ ತಾಯಿಯ ಮನೆಗೆ ಕರೆದುಕೊಂಡು ಹೋಗಿ ಬನ್ನಿ. ಅವರೂ ಆ ದಿನ ಬಾಗಿಲ ಕಡೆ ನೋಡುತ್ತಾ ಕೂತಿರುತ್ತಾರೆ. ಮಗನ ಗೆಳೆಯರು ಬಂದು ಹೋಗಲಿ ಎಂಬ ಆಸೆ ಅವರಿಗಿರುತ್ತದೆ, ಕೇಳಲು ಬಾಯಿ ಬರುವುದಿಲ್ಲ.